ಕ್ಷೇತ್ರಕಾರ್ಯದ ಕೀಲಿಮಣೆ: ಧ್ವನಿಲಿಪಿಗಾಗಿ ಮೊಬೈಲ್ ಶಾರ್ಟ್‌ಕಟ್‌ಗಳ ವಿನ್ಯಾಸ

ಭಾಷಾ ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಣ ಜೊತೆಗಿದ್ದರೂ, ವಕ್ತೃವಿನ ತುಟಿಗಳ ಚಲನೆಯನ್ನು ಕಣ್ಣಾರೆ ನೋಡುತ್ತ ಬರೆದ ಟಿಪ್ಪಣಿಗೆ ತನ್ನದೇ ಬೆಲೆಯಿದೆ. ಮೊಬೈಲ್‌ನ ಪರದೆಯ ಮೇಲೆ ಮೂಡುವ ಕೀಲಿಮಣೆ ಬರೆಯುವವರ ಕಣ್ಣನ್ನು ತನ್ನ ಕಡೆಗೇ ಸೆಳೆಯುತ್ತದೆ. ಭೌತಿಕ ಕೀಲಿಗಳನ್ನಾದರೆ ಬೆರಳಿನ ಸ್ಪರ್ಶದಿಂದಲೇ ಗುರುತಿಸಬಹುದು. ಆದರೆ ಅವುಗಳ ಮೇಲೆ ಧ್ವನಿಲಿಪಿಯ ಚಿಹ್ನೆಗಳಿರುವುದಿಲ್ಲ. ಈ ಕೊರತೆಯನ್ನು ಶಾರ್ಟ್‌ಕಟ್‌ಗಳಿಂದ ತುಂಬಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ. ಯಾವ ಕೀಲಿ ಯಾವ ಚಿಹ್ನೆಗೆ ಎಂಬುದು ಮೇಲ್ನೋಟಕ್ಕೆ ಅನುಕೂಲದ ಪ್ರಶ್ನೆ. ವಾಸ್ತವದಲ್ಲಿ ಅದು ಭಾಷಾಸಾಮಗ್ರಿಯ ಸ್ವರೂಪವನ್ನೇ ನಿರ್ಧರಿಸುವ ತೀರ್ಮಾನ ಎಂಬುದು ನಮ್ಮ ವಾದ.

ಆಂಡ್ರಾಯ್ಡ್ ಫೋನ್‌ಗಳಲ್ಲಿ ಶಾರ್ಟ್‌ಕಟ್‌ಗಳನ್ನು ಮೂರು ಸ್ತರಗಳಲ್ಲಿ ರೂಪಿಸಬಹುದು. ಮೊದಲನೆಯದು ಆ್ಯಪ್‌ಗಳನ್ನು ತೆರೆಯುವ ಸ್ತರ. 2017ರ ಬ್ಲ್ಯಾಕ್‌ಬೆರಿ ಕೀ-ವನ್ ಹಾಗೂ 2018ರ ಕೀ-2 ಫೋನ್‌ಗಳಲ್ಲಿ 26 ಅಕ್ಷರಕೀಲಿಗಳಿಗೂ ಚುಟುಕು ಒತ್ತು, ದೀರ್ಘ ಒತ್ತು ಎಂಬ ಎರಡೆರಡು ಕೆಲಸಗಳನ್ನು ವಹಿಸಬಹುದು, ಒಟ್ಟು 52. ಧ್ವನಿಮುದ್ರಕಕ್ಕೆ ಒಂದು, ಟಿಪ್ಪಣಿಪುಸ್ತಕಕ್ಕೆ ಒಂದು ಕೀಲಿಯನ್ನು ಮೀಸಲಿಡಬಹುದು. ಕೀ-2ರಲ್ಲಿರುವ ಸ್ಪೀಡ್ ಕೀಲಿಯನ್ನು ಜೊತೆಗೆ ಒತ್ತಿದರೆ, ಬೇರೆ ಆ್ಯಪ್ ತೆರೆದಿರುವಾಗಲೂ ಈ ಶಾರ್ಟ್‌ಕಟ್‌ಗಳು ಕೆಲಸ ಮಾಡುತ್ತವೆ.

ಎರಡನೆಯದು ಪದಸ್ತರ. ಸೆಟ್ಟಿಂಗ್ಸ್‌ನ ಭಾಷೆ ಮತ್ತು ಇನ್‌ಪುಟ್ ವಿಭಾಗದಲ್ಲಿ ವೈಯಕ್ತಿಕ ನಿಘಂಟನ್ನು ತೆರೆದು, ಪೂರ್ಣರೂಪವನ್ನೂ ಅದರ ಸಂಕ್ಷೇಪವನ್ನೂ ಸೇರಿಸಬೇಕು. ಕೆಲವು ಬರವಣಿಗೆಯ ಸಾಧನಗಳು ಪೂರ್ಣರೂಪವನ್ನು ಸಲಹೆಯಾಗಿ ತೋರಿಸುತ್ತವೆ. ಕೆಲವು ತಾವಾಗಿಯೇ ಬದಲಿಸುತ್ತವೆ. ಈ ಸ್ತರ ಇಡೀ ಪದವನ್ನು ಆಧರಿಸಿರುವುದರಿಂದ, ಪದದ ನಡುವೆ ಬರುವ ಧ್ವನಿಚಿಹ್ನೆಗೆ ಒಗ್ಗುವುದಿಲ್ಲ. ವಕ್ತೃಸಂಖ್ಯೆ, ಊರಿನ ಹೆಸರು, ವ್ಯಾಕರಣದ ಪಾರಿಭಾಷಿಕ ಪದಗಳು ಇಂಥ ಮರುಕಳಿಸುವ ರೂಪಗಳಿಗೆ ಇದು ಯೋಗ್ಯ.

ಮೂರನೆಯದು ಕೀಲಿಸ್ತರ, ಧ್ವನಿಲಿಪಿಗೆ ಬೇಕಾದದ್ದು ಇದೇ. ಫೋನ್‌ನಲ್ಲೇ ಅಳವಡಿಸಿರುವ ಕೀಲಿಮಣೆಗೆ ತಯಾರಕರ ನಕ್ಷೆಯಿರುತ್ತದೆ. ಬ್ಲೂಟೂತ್ ಅಥವಾ ಯುಎಸ್‌ಬಿ ಮೂಲಕ ಜೋಡಿಸುವ ಕೀಲಿಮಣೆಗಾದರೋ, 2012ರಲ್ಲಿ ಬಂದ ಆಂಡ್ರಾಯ್ಡ್ 4.1ರಿಂದೀಚೆಗೆ, ಬೇರೆ ವಿನ್ಯಾಸಗಳನ್ನು ಆ್ಯಪ್‌ನ ರೂಪದಲ್ಲಿ ಸ್ಥಾಪಿಸಿ, ಭೌತಿಕ ಕೀಲಿಮಣೆ ಎಂಬ ವಿಭಾಗದಲ್ಲಿ ಆರಿಸಿಕೊಳ್ಳಬಹುದು. ವಿನ್ಯಾಸದ ಕಡತದಲ್ಲಿ ಪ್ರತಿ ಕೀಲಿಯೂ ಒಂಟಿಯಾಗಿ, ಶಿಫ್ಟ್‌ನೊಡನೆ, ಆಲ್ಟ್‌ನೊಡನೆ ಒತ್ತಿದಾಗ ಯಾವ ಸಂಕೇತವನ್ನು ಕೊಡಬೇಕೆಂದು ನಮೂದಿಸಲಾಗುತ್ತದೆ. ಒಂದು ಸ್ಥಿತಿಗೆ ಒಂದೇ ಸಂಕೇತ. ಆದ್ದರಿಂದ ಮೂರು ಸಂಕೇತಗಳ ಸರಣಿಯಾದ ‘ಕ್ಷ’ ಒಂದೇ ಒತ್ತಿಗೆ ದೊರೆಯುವುದಿಲ್ಲ. ಒಂದೇ ಸಂಕೇತದ ಮೂರ್ಧನ್ಯ ಸ್ಪರ್ಶಚಿಹ್ನೆ ದೊರೆಯುತ್ತದೆ.

ಕೀಲಿಗಳನ್ನು ಹಂಚುವಾಗ ಭಾಷೆಯ ಧ್ವನಿಮಾವ್ಯವಸ್ಥೆಯೇ ಮಾರ್ಗದರ್ಶಿ. ನೀಲಗಿರಿಯ ಉದಾಹರಣೆಯನ್ನು ನೋಡೋಣ. ಕನ್ನಡಕ್ಕೆ ಅತಿ ಸಮೀಪದ ಬಡಗ ಭಾಷೆಯಲ್ಲಿ ಐದು ಸ್ವರಗಳಿಗೂ ಅರೆ ಮೂರ್ಧನ್ಯ, ಪೂರ್ಣ ಮೂರ್ಧನ್ಯ ಎಂಬ ಎರಡು ಪ್ರಭೇದಗಳಿರುವುದನ್ನು ಎಮೆನೋ 1939ರಲ್ಲಿ ವಿವರಿಸಿದರು. ಪ್ರತಿ ಸ್ವರಪ್ರಭೇದಕ್ಕೂ ಒಂದೊಂದು ಕೀಲಿ ಕೊಡಹೊರಟರೆ ಕೀಲಿಗಳು ಸಾಲವು. ಮೂರ್ಧನ್ಯತೆಯನ್ನು ಸೂಚಿಸುವ ಕೊಕ್ಕೆಯನ್ನು ಆಲ್ಟ್ ಮತ್ತು ಆರ್ ಕೀಲಿಗಳಿಗೆ ವಹಿಸಿ, ಒಂದು ಕೊಕ್ಕೆ ಅರೆ, ಎರಡು ಕೊಕ್ಕೆ ಪೂರ್ಣ ಎಂದು ಗೊತ್ತುಪಡಿಸಿದರೆ ಹತ್ತು ಪ್ರಭೇದಗಳಿಗೂ ಒಂದೇ ಶಾರ್ಟ್‌ಕಟ್ ಸಾಕು. ಹೀಗೆ ಸ್ವರದ ಗುಣ ಮತ್ತು ಮೂರ್ಧನ್ಯತೆ ಬೇರೆಬೇರೆ ಲಕ್ಷಣಗಳೆಂಬ ವಿಶ್ಲೇಷಣೆ ಕೀಲಿಮಣೆಯಲ್ಲೇ ಪ್ರತಿಫಲಿಸುತ್ತದೆ.

ಬಿಡುವಾಗಿರುವ ಕೀಲಿಗಳ ವಿಚಾರದಲ್ಲಿ ಎಚ್ಚರ ಬೇಕು. ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿ ಎಕ್ಸ್ ಅಕ್ಷರವು ಅಘೋಷ ಕಂಠ್ಯ ಘರ್ಷವನ್ನು ಸೂಚಿಸುತ್ತದೆ. ಬಡಗದ ಮಟ್ಟಿಗೆ ಆ ಕೀಲಿಯನ್ನು ಬೇರೆ ಚಿಹ್ನೆಗೆ ಕೊಟ್ಟುಬಿಡಬಹುದು. ಆದರೆ ಅದೇ ಬೆಟ್ಟಗಳ ತೊದ ಭಾಷೆಯಲ್ಲಿ ಆ ಘರ್ಷ ಧ್ವನಿಮಾವೇ ಆಗಿದೆ. ಬಡಗಕ್ಕೆ ಹೊಂದಿಸಿದ ಕೀಲಿಮಣೆಯಿಂದ ಅದನ್ನು ಬರೆಯಲಾಗದು. ಕ್ಯೂ ಅಕ್ಷರ ಸೂಚಿಸುವ ಕಿರುನಾಲಗೆಯ ಸ್ಪರ್ಶವಾದರೋ ಈ ಎರಡೂ ಭಾಷೆಗಳ ಧ್ವನಿಮಾಗಳಲ್ಲಿಲ್ಲ. ಪದಸ್ತರದ ಸಂಕ್ಷೇಪಗಳನ್ನೆಲ್ಲ ಕ್ಯೂನಿಂದ ಆರಂಭಿಸಿದರೆ ಅವು ಭಾಷೆಯ ಪದಗಳೊಡನೆ ಬೆರೆಯುವುದಿಲ್ಲ.

ಕೊನೆಯ ಅಂಶ ಸಂಕೇತಗಳ ಏಕರೂಪತೆ. ನೋಟಕ್ಕೆ ಒಂದೇ ಆದ ಚಿಹ್ನೆಗಳು ಕಂಪ್ಯೂಟರಿಗೆ ಬೇರೆಬೇರೆಯಾಗಿರಬಹುದು. ಲಿಪ್ಯಂತರದಲ್ಲಿ ‘ಟ’ಕಾರಕ್ಕೆ ಬಳಸುವ, ಅಡಿಚುಕ್ಕೆಯ ರೋಮನ್ ಅಕ್ಷರವನ್ನು ಇಡಿಯಾದ ಒಂದು ಸಂಕೇತವಾಗಿಯೂ, ಅಕ್ಷರ ಮತ್ತು 0323 ಸಂಖ್ಯೆಯ ಚುಕ್ಕೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಇವು ಸಮಾನವೆಂದು ಯುನಿಕೋಡ್ ನಿಗದಿಪಡಿಸಿರುವುದರಿಂದ ಸಾಮಾನ್ಯೀಕರಣದ ಮೂಲಕ ಒಂದಾಗಿಸಬಹುದು. ದೀರ್ಘತೆಯ ಚಿಹ್ನೆಯ ಬದಲು ಒತ್ತಿದ ವಿವರಣಚಿಹ್ನೆಯನ್ನು ಸಾಮಾನ್ಯೀಕರಣ ಮುಟ್ಟುವುದಿಲ್ಲ. ನಡುಸ್ವರ ಹಾಗೂ ಕೊಕ್ಕೆಯ ಜೋಡಿಯನ್ನೂ, ಅದೇ ಸ್ವರದ ಕೊಕ್ಕೆ ಸಹಿತ ಇಡಿ ಅಕ್ಷರವನ್ನೂ ಒಂದಾಗಿಸುವುದಿಲ್ಲ. ತಂಡದ ಇಬ್ಬರು ದೀರ್ಘಸ್ವರವನ್ನು ಎರಡು ಬಗೆಯಲ್ಲಿ ಬರೆದರೆ ಹುಡುಕಾಟದಲ್ಲಿ ಅರ್ಧ ಪದಗಳು ಕಾಣೆಯಾಗಬಹುದು. ಎಣಿಕೆಯಲ್ಲಿ ಇಲ್ಲದ ಧ್ವನಿವ್ಯತ್ಯಾಸವೊಂದು ಹುಟ್ಟಿಕೊಳ್ಳಬಹುದು. ಎರಡೂ ರೂಪಗಳು ಕಣ್ಣಿಗೆ ಒಂದೇ ಆಗಿ ಕಾಣುವುದರಿಂದ ಕರಡು ತಿದ್ದುವವರಿಗೂ ಇದು ಗೋಚರಿಸದು.

ಆದಕಾರಣ ಕ್ಷೇತ್ರಕ್ಕೆ ಹೊರಡುವ ಮುನ್ನ ಕೀಲಿ, ಚಿಹ್ನೆ, ಯುನಿಕೋಡ್ ಸಂಖ್ಯೆ, ಧ್ವನಿಮೌಲ್ಯ ಎಂಬ ನಾಲ್ಕು ಅಂಕಣಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ತಂಡದ ಎಲ್ಲ ಫೋನ್‌ಗಳಲ್ಲೂ ಒಂದೇ ವಿನ್ಯಾಸವನ್ನು ಸ್ಥಾಪಿಸಬೇಕು. ಎಲ್ಲ ಚಿಹ್ನೆಗಳೂ ಬರುವ ಒಂದು ಸಾಲನ್ನು ಪ್ರತಿ ಫೋನ್‌ನಲ್ಲೂ ಬರೆದು, ಅವುಗಳ ಸಂಕೇತಸಂಖ್ಯೆಗಳನ್ನು ಹೋಲಿಸಬೇಕು. ಸಾಮಗ್ರಿಯನ್ನು ಸಂಗ್ರಹಾಲಯಕ್ಕೆ ಒಪ್ಪಿಸುವಾಗ ಈ ಪಟ್ಟಿಯೂ ಅದರ ಭಾಗವಾಗಿರಬೇಕು. ಫೋನ್‌ಗಳು ಬೇಗನೆ ಬದಲಾಗುತ್ತವೆ. ಹತ್ತು ವರ್ಷಗಳ ಬಳಿಕ ಆ ಟಿಪ್ಪಣಿಗಳನ್ನು ತೆರೆಯುವವರಿಗೆ ಕೀಲಿಮಣೆ ಸಿಗದಿದ್ದರೂ, ಬರೆದವರ ಉದ್ದೇಶ ಆ ಪಟ್ಟಿಯಿಂದ ತಿಳಿಯುತ್ತದೆ.