ಬೆಳೆ ಪರಿಹಾರ: ನಷ್ಟ ಭರ್ತಿಯಲ್ಲ, ಮುಂದಿನ ಬಿತ್ತನೆಗೆ ಸಹಾಯಧನ

ಅತಿವೃಷ್ಟಿಯೋ ಅನಾವೃಷ್ಟಿಯೋ ಸಂಭವಿಸಿದಾಗಲೆಲ್ಲ 'ಹೆಕ್ಟೇರಿಗೆ ಇಷ್ಟು ಸಾವಿರ ರೂಪಾಯಿ ಪರಿಹಾರ' ಎಂಬ ಪ್ರಕಟಣೆ ಹೊರಬೀಳುತ್ತದೆ. ರೈತನ ನಷ್ಟವನ್ನು ಸರ್ಕಾರ ತುಂಬಿಕೊಟ್ಟಿತು ಎಂದೇ ನಗರವಾಸಿಗಳು ಭಾವಿಸುವುದುಂಟು. ಆದರೆ ನಿಯಮಾವಳಿಯಲ್ಲಿ ಈ ಹಣಕ್ಕಿರುವ ಹೆಸರು 'ಇನ್‌ಪುಟ್ ಸಬ್ಸಿಡಿ'. ಅಂದರೆ ಬೀಜ, ಗೊಬ್ಬರ ಮೊದಲಾದ ಪರಿಕರಗಳಿಗೆ ನೀಡುವ ಸಹಾಯಧನ. ಕೈತಪ್ಪಿದ ಫಸಲಿನ ಮಾರುಕಟ್ಟೆ ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ವಿಮಾ ಕಂತು ಕಟ್ಟಿದವರಿಗೆ ದೊರೆಯುವ ಫಸಲ್ ಬಿಮಾ ಮೊತ್ತವೂ ಇದಲ್ಲ.

ಈ ಹಣದ ಮೂಲ 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದರನ್ವಯ ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ ಕರ್ನಾಟಕದಂತಹ ರಾಜ್ಯಗಳಲ್ಲಿ ಕೇಂದ್ರ ಶೇ 75, ರಾಜ್ಯ ಶೇ 25ರಷ್ಟು ಹಣ ನೀಡುತ್ತವೆ. ವಿಪತ್ತು ತೀವ್ರವಾದರೆ ರಾಜ್ಯವು ರಾಷ್ಟ್ರೀಯ ನಿಧಿಯ ನೆರವು ಕೋರುತ್ತದೆ.

2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರ ನಿಗದಿಪಡಿಸಿದ ದರ ಹೆಕ್ಟೇರಿಗೆ ಹೀಗಿತ್ತು: ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ಮಳೆಯಾಶ್ರಿತ ಭೂಮಿಗೆ ಎಕರೆ ಲೆಕ್ಕದಲ್ಲಿ ಸಿಗುವುದು ಸುಮಾರು 3,440 ರೂಪಾಯಿ. ಉಳುಮೆ, ಬೀಜ, ಗೊಬ್ಬರ, ಕಳೆ ಕೀಳುವ ಕೂಲಿ ಎಲ್ಲವೂ ಇದರಲ್ಲಿ ಅಡಗಬೇಕು. ನೆರವು ಎರಡು ಹೆಕ್ಟೇರಿಗೆ ಸೀಮಿತ. ಹತ್ತು ಎಕರೆ ರಾಗಿ ಒಣಗಿದರೂ ಐದು ಎಕರೆಗಷ್ಟೇ ಹಣ. ಬೆಳೆ ಹಾನಿ ಕನಿಷ್ಠ ಶೇ 33ರಷ್ಟಿರಬೇಕು. 2015ಕ್ಕೆ ಮುನ್ನ ಈ ಮಿತಿ ಶೇ 50 ಆಗಿತ್ತು ಎಂಬುದನ್ನು ನೆನೆದರೆ ಇದು ಸುಧಾರಣೆಯೇ ಸರಿ. ಆದರೂ ಶೇ 32ರಷ್ಟು ಕಳೆದುಕೊಂಡವನಿಗೆ ಚಿಕ್ಕಾಸೂ ಇಲ್ಲ.

ರಾಜ್ಯ ಬಯಸಿದರೆ ಸ್ವಂತ ಬೊಕ್ಕಸದಿಂದ ಹೆಚ್ಚುವರಿ ಹಣ ನೀಡಬಹುದು. 2021ರ ಡಿಸೆಂಬರ್‌ನಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಮಳೆಯಾಶ್ರಿತ ಬೆಳೆಯ ಅಂದಿನ 6,800 ರೂ. ದರವನ್ನು 13,600ಕ್ಕೆ ಏರಿಸಿತು. 2025ರಲ್ಲಿ ಕಲ್ಯಾಣ ಕರ್ನಾಟಕದ ಪ್ರವಾಹದ ನಂತರ ಸಿದ್ದರಾಮಯ್ಯ ಸರ್ಕಾರ ಪ್ರತಿ ಹೆಕ್ಟೇರಿಗೆ 8,500 ರೂ. ಹೆಚ್ಚುವರಿ ನೆರವು ಘೋಷಿಸಿತು. ಇಂತಹ ಏರಿಕೆ ಆಯಾ ಸಂದರ್ಭದ ತೀರ್ಮಾನವೇ ಹೊರತು ರೈತನ ಹಕ್ಕಲ್ಲ.

ಮೊತ್ತಕ್ಕಿಂತ ವಿಳಂಬವೇ ಹೆಚ್ಚು ಬಾಧಿಸುವುದುಂಟು. 2023ರ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದವು. ಸೆಪ್ಟೆಂಬರ್‌ನಲ್ಲಿ ಬರ ಘೋಷಣೆ ಆರಂಭವಾಯಿತು. ಅಕ್ಟೋಬರ್‌ನಲ್ಲಿ ಕೇಂದ್ರ ತಂಡ ಬಂದು ಹೋಯಿತು. ಹಣ ಬಾರದಾಗ ರಾಜ್ಯವು ಮೊದಲ ಕಂತಾಗಿ ಗರಿಷ್ಠ 2,000 ರೂ. ನೀಡಿ, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 18,171 ಕೋಟಿ ರೂ. ಕೇಳಿದ್ದ ರಾಜ್ಯಕ್ಕೆ ಏಪ್ರಿಲ್ ಕೊನೆಯಲ್ಲಿ ಬಂದದ್ದು ಸುಮಾರು 3,454 ಕೋಟಿ. ಬಾಕಿ ಹಣ ರೈತರ ಖಾತೆ ಸೇರಿದ್ದು ಮೇ ತಿಂಗಳಲ್ಲಿ, ಮರುವರ್ಷದ ಬಿತ್ತನೆಗೆ ಹೊಲ ಹಸನುಗೊಳಿಸುವ ಹೊತ್ತಿಗೆ. ಮಳೆಯ ಅವಸರ ಕಡತಕ್ಕೆ ತಿಳಿಯದು.

ಹಣ ಬಿಡುಗಡೆಯಾದರೂ ಎಲ್ಲರ ಕೈಸೇರುವುದಿಲ್ಲ. ಕಂದಾಯ, ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆಯಲ್ಲಿ ಹಾನಿ ದಾಖಲಾಗಬೇಕು. 'ಫ್ರೂಟ್ಸ್' ತಂತ್ರಾಂಶದಲ್ಲಿ ರೈತನ ಗುರುತಿನ ಸಂಖ್ಯೆಗೆ ಆತನ ಸರ್ವೆ ನಂಬರುಗಳೆಲ್ಲ ಜೋಡಣೆಯಾಗಿರಬೇಕು. ಬ್ಯಾಂಕ್ ಖಾತೆಗೆ ಆಧಾರ್ ಸಂಪರ್ಕವಿರಬೇಕು. ತಂದೆ ತೀರಿಕೊಂಡು ಎಷ್ಟೋ ವರ್ಷವಾದರೂ ಪೌತಿ ಖಾತೆ ಆಗದಿದ್ದರೆ ಪಹಣಿಯಲ್ಲಿ ಇನ್ನೂ ತಂದೆಯದೇ ಹೆಸರು. ಮಕ್ಕಳು ಉಳುತ್ತಿದ್ದರೂ ದಾಖಲೆಯ ಪ್ರಕಾರ ರೈತ ಬದುಕಿಲ್ಲ.

ಪಾಲಿಗೆ, ಗುತ್ತಿಗೆಗೆ ಮಾಡುವವರ ಪಾಡು ಇನ್ನೂ ಕಠಿಣ. 1974ರ ಭೂಸುಧಾರಣೆಯ ನಂತರ ಕರ್ನಾಟಕದಲ್ಲಿ ಕೃಷಿ ಭೂಮಿಯನ್ನು ಗೇಣಿಗೆ ಕೊಡುವುದಕ್ಕೆ ಕಾನೂನಿನ ನಿಷೇಧವಿದೆ. ಹೀಗಾಗಿ ಹಳ್ಳಿಗಳಲ್ಲಿ ನಡೆಯುವ ಒಪ್ಪಂದಗಳೆಲ್ಲ ಬಾಯಿಮಾತಿನವು. ಬಿತ್ತಿದವನು, ಸಾಲ ಮಾಡಿದವನು, ಬೆಳೆ ಕಳೆದುಕೊಂಡವನು ಒಬ್ಬ. ಸಹಾಯಧನ ಜಮೆಯಾಗುವುದು ಪಹಣಿಯಲ್ಲಿ ಹೆಸರಿರುವ ಇನ್ನೊಬ್ಬನ ಖಾತೆಗೆ. ಆ ಹಣ ಅಲ್ಲಿಂದ ಮುಂದೆ ಸಾಗುವುದೋ ಇಲ್ಲವೋ ಎಂಬುದು ಅವರಿಬ್ಬರ ನಡುವಿನ ವಿಶ್ವಾಸಕ್ಕೆ ಬಿಟ್ಟದ್ದು.