ಗಾಡಿ ಆಯಿಲ್ ಕುಡಿಯುತ್ತಿದೆಯೇ? ಟರ್ಬೋ ಬದಲಿಸುವ ಮೊದಲು ಇಷ್ಟು ನೋಡಿ



ಕೆಲವು ಸಮಯದ ಹಿಂದೆ ನಾವು ಒಂದು ಸಂಘದ ಸಭೆಗೆ ಹೋಗಿದ್ದೆವು. ಸದಸ್ಯೆಯೊಬ್ಬರು ತುರ್ತು ಸಾಲಕ್ಕೆ ಅರ್ಜಿ ಕೊಟ್ಟಿದ್ದರು. ಅವರ ಗಂಡ ಮಂಗಳೂರು ದಕ್ಕೆಯಿಂದ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಮೀನು ಕೊಂಡುಹೋಗುವ ಪಿಕಪ್ ಓಡಿಸುತ್ತಾರೆ. ಗಾಡಿ ಬಂದದ್ದು ಸಂಘದ ಸಾಲದಿಂದ, ಕಂತು ಇನ್ನೂ ಬಾಕಿ ಉಂಟು. "ಸಿಸ್ಟರ್, ಗಾಡಿ ನೀಲಿ ಹೊಗೆ ಬಿಡ್ತದೆ. ಟರ್ಬೋ ಹೋಗಿದೆ, ಹೊಸತು ಹಾಕ್ಬೇಕು ಅಂತ ಗ್ಯಾರೇಜಿನವರು ಹೇಳಿದ್ರು" ಎಂದರು. "ಟರ್ಬೋ ಅಂದ್ರೆ ಎಂತ?" ಎಂದು ಅಧ್ಯಕ್ಷೆ ಕೇಳಿದಾಗ ಯಾರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಮತ್ತೊಬ್ಬ ಅನುಭವಿ ಮೆಕ್ಯಾನಿಕ್‌ಗೆ ತೋರಿಸಿದೆವು. ಟರ್ಬೋ ಸರಿಯಾಗಿಯೇ ಇತ್ತು. ಅದರಿಂದ ಆಯಿಲ್ ಕೆಳಗಿಳಿಯುವ ಪೈಪಿನಲ್ಲಿ ಕರಿ ಕಟ್ಟಿತ್ತು. ಸಣ್ಣ ಖರ್ಚಿನಲ್ಲಿ ಕೆಲಸ ಮುಗಿಯಿತು. ಅವತ್ತು ಕಲಿತದ್ದನ್ನು ನಿಮಗೂ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ಟರ್ಬೋ ಎಂದರೇನು?

ಒಲೆಗೆ ಕೊಳವೆಯಿಂದ ಊದಿದರೆ ಬೆಂಕಿ ಚೆನ್ನಾಗಿ ಉರಿಯುತ್ತದಲ್ಲ? ಟರ್ಬೋ ಇಂಜಿನ್‌ಗೆ ಹಾಗೆಯೇ ಗಾಳಿ ಊದುತ್ತದೆ. ಹೊರಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಇಂದು ಹೆಚ್ಚಿನ ಡೀಸೆಲ್ ಪಿಕಪ್, ಲಾರಿಗಳಲ್ಲಿ ಉಂಟು.

ಈ ಶಾಫ್ಟ್ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಕಾಪಾಡುವುದು ಇಂಜಿನ್ ಆಯಿಲಿನ ತೆಳು ಪದರ ಮಾತ್ರ. ಆಯಿಲ್ ಒಂದು ಪೈಪಿನಲ್ಲಿ ಒತ್ತಡದಿಂದ ಬರುತ್ತದೆ, ಇನ್ನೊಂದರಲ್ಲಿ ತನ್ನಷ್ಟಕ್ಕೆ ಇಂಜಿನ್‌ಗೆ ಇಳಿಯುತ್ತದೆ.

ಆಯಿಲ್ ಸೋರಿದರೆ ಟರ್ಬೋ ಹಾಳಾಗಿದೆಯೇ?

ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ಬಚ್ಚಲಿನ ಮೋರಿ ಕಟ್ಟಿದರೆ ನೀರು ಹೊಸ್ತಿಲು ದಾಟಿ ಒಳಗೆ ಬರುತ್ತದೆ. ತಪ್ಪು ಹೊಸ್ತಿಲಿನದ್ದಲ್ಲ, ಮೋರಿಯದ್ದು. ಟರ್ಬೋದಲ್ಲಿಯೂ ಹಾಗೆಯೇ. ಆದ್ದರಿಂದ ಮೊದಲು ಇವುಗಳನ್ನು ನೋಡಿಸಬೇಕು:

1. ಆಯಿಲ್ ಇಳಿಯುವ ಪೈಪು: ಕರಿ ಕಟ್ಟಿದೆಯೇ, ಮಡಚಿದೆಯೇ?

2. ಏರ್ ಫಿಲ್ಟರ್: ನಮ್ಮ ಕೆಂಪು ಮಣ್ಣಿನ ಧೂಳು ತುಂಬಿ ಗಾಳಿ ಸಿಗದಿದ್ದರೆ, ಟರ್ಬೋ ಒಳಗಿನ ಆಯಿಲನ್ನೇ ಎಳೆಯುತ್ತದೆ.

3. ಇಂಜಿನ್ ಒಳಗಿನ ಒತ್ತಡ: ಪಿಸ್ಟನ್ ರಿಂಗ್ ಸವೆದರೆ ಹೊಗೆ ಇಂಜಿನ್ ಕೆಳಭಾಗಕ್ಕೆ ನುಗ್ಗಿ, ಆಯಿಲನ್ನು ಇಳಿಯಲು ಬಿಡುವುದಿಲ್ಲ. ಆಯಿಲ್ ಕ್ಯಾಪ್ ಸಡಿಲಿಸಿದಾಗ ಹೊಗೆ ರಭಸದಿಂದ ಬಂದರೆ ಇದರ ಸಂಶಯ ಇಟ್ಟುಕೊಳ್ಳಬೇಕು. ಇಂಥ ಗಾಡಿಗೆ ಹೊಸ ಟರ್ಬೋ ಹಾಕಿದರೆ ಅದೂ ಸೋರುತ್ತದೆ. ಸಾಲ ಎರಡು ಸಲ ಮಾಡಬೇಕಾದೀತು.

4. ಆಯಿಲ್ ಎಲ್ಲಿ ಕಾಣುತ್ತದೆ: ಹೊಗೆ ಟರ್ಬೋಗೆ ಬರುವ ಮೊದಲಿನ ಜಾಗದಲ್ಲಿಯೇ ಆಯಿಲ್ ಇದ್ದರೆ ಅದು ಇಂಜಿನ್‌ನಿಂದ ಬಂದದ್ದು. ಅಲ್ಲಿ ಒಣಗಿದ್ದು, ಟರ್ಬೋ ದಾಟಿದ ಮೇಲೆ ಒದ್ದೆ ಇದ್ದರೆ ಟರ್ಬೋದ್ದು. ಗಾಳಿಯ ಪೈಪಿನೊಳಗೆ ತೆಳುವಾಗಿ ಆಯಿಲ್ ಸವರಿದಂತೆ ಇದ್ದರೆ ಹೆದರಬೇಕಾಗಿಲ್ಲ, ನಿಂತುಕೊಂಡರೆ ಹೆದರಬೇಕು.

ಹೊಗೆಯ ಬಣ್ಣ

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಎಂದರೆ ಡೀಸೆಲಿಗೆ ಸಾಕಷ್ಟು ಗಾಳಿ ಸಿಗುತ್ತಿಲ್ಲ. ಆಯಿಲ್ ಕಡಿಮೆಯಾಗದೆ, ಕಪ್ಪು ಹೊಗೆ ಬಂದು ಗಾಡಿ ಏರು ಎಳೆಯದಿದ್ದರೆ ಗಾಳಿಯ ಹೋಸ್ ಪೈಪು ಹರಿದಿರಬಹುದು, ಕ್ಲಿಪ್ ಸಡಿಲಿರಬಹುದು. ಅದು ಸಣ್ಣ ರಿಪೇರಿ.

ನಿಜವಾಗಿ ಸವೆದಿದ್ದರೆ?

ಇಂಜಿನ್ ಆಫ್ ಮಾಡಿ ತಣಿದ ಮೇಲೆ ಗಾಳಿಯ ಪೈಪು ಬಿಚ್ಚಿ, ಶಾಫ್ಟನ್ನು ಬೆರಳಿನಿಂದ ಅಲ್ಲಾಡಿಸಿ ನೋಡುತ್ತಾರೆ. ಮೇಲೆ ಕೆಳಗೆ ಸ್ವಲ್ಪ ಆಡುವುದು ಸಹಜ. ಹಿಂದೆ ಮುಂದೆ ಆಡುವುದು ಕೈಗೆ ಚೆನ್ನಾಗಿ ಗೊತ್ತಾದರೆ, ಚಕ್ರದ ಎಲೆಗಳು ಸುತ್ತಲಿನ ಗೋಡೆಗೆ ಉಜ್ಜಿದ ಗುರುತು ಇದ್ದರೆ, ಎಲೆ ತುಂಡಾಗಿದ್ದರೆ ಟರ್ಬೋ ಸವೆದಿದೆ. ಓಡುವಾಗ ಸೈರನ್‌ನಂತೆ ಕೂಗುವ ಹೊಸ ಶಬ್ದವೂ ಒಂದು ಸೂಚನೆ. ಆಗಲೂ ಯಾಕೆ ಸವೆಯಿತು ಎಂದು ಕೇಳಲೇಬೇಕು. ಕೊಳಕು ಆಯಿಲ್, ಕಡಿಮೆ ಆಯಿಲ್, ಒಳಗೆ ಹೋದ ಧೂಳು ಅಥವಾ ಕಲ್ಲು – ಕಾರಣ ಉಳಿದರೆ ಹೊಸತೂ ಉಳಿಯುವುದಿಲ್ಲ.

ಒಂದು ಎಚ್ಚರಿಕೆ

ಆಯಿಲ್ ಜೋರಾಗಿ ಸೋರುವ ಗಾಡಿಯನ್ನು "ಒಂದು ಟ್ರಿಪ್ ಮುಗಿಸುವಾ" ಎಂದು ಓಡಿಸಬಾರದು. ಡೀಸೆಲ್ ಇಂಜಿನ್ ಆ ಆಯಿಲನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ವೇಗ ಹೆಚ್ಚಿಸಬಹುದು, ಕೀ ತೆಗೆದರೂ ನಿಲ್ಲುವುದಿಲ್ಲ. ಘಾಟಿಯಲ್ಲಿ ಹೀಗಾದರೆ ಜೀವಕ್ಕೇ ಅಪಾಯ. ಗಾಡಿ ಹೋಗಲಿ, ಮನೆಯವರು ಬೇಕಲ್ಲ?

ಮನೆಯಲ್ಲಿ ಮಾಡಬಹುದಾದದ್ದು

ವಾರಕ್ಕೊಮ್ಮೆ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ಗಾಡಿ ಸಮತಟ್ಟಿನಲ್ಲಿ ನಿಂತಿರುವಾಗ ಆಯಿಲ್ ಕಡ್ಡಿ ನೋಡಿ ಪುಸ್ತಕದಲ್ಲಿ ಬರೆದಿಡಿ. ಸಂಘದ ಲೆಕ್ಕ ಬರೆಯುವ ನಮಗೆ ಇದೇನೂ ಕಷ್ಟವಲ್ಲ. ಆಯಿಲ್, ಫಿಲ್ಟರ್ ಸಮಯಕ್ಕೆ ಸರಿಯಾಗಿ ಬದಲಿಸಿ. ಭಾರ ಹೊತ್ತು ಘಾಟಿ ಹತ್ತಿದ ಮೇಲೆ ಕೂಡಲೇ ಆಫ್ ಮಾಡದೆ, ಒಂದೆರಡು ನಿಮಿಷ ನಿಧಾನದಲ್ಲಿ ಇಂಜಿನ್ ಓಡಲಿ. ಇಲ್ಲದಿದ್ದರೆ ಬಿಸಿ ಟರ್ಬೋದೊಳಗೆ ನಿಂತ ಆಯಿಲ್ ಸೀದು ಕರಿಯಾಗುತ್ತದೆ. ಆ ಸದಸ್ಯೆಯ ಗಾಡಿಯ ಪೈಪು ಕಟ್ಟಿದ್ದೂ ಇಂಥ ಕರಿಯಿಂದಲೇ.

ಇನ್ನು ಮುಂದೆ ಸಂಘಕ್ಕೆ ಇಂಥ ಅರ್ಜಿ ಬಂದರೆ ಮೂರು ಪ್ರಶ್ನೆ ಕೇಳಿ: ಆಯಿಲ್ ಎಲ್ಲಿಂದ ಬರುತ್ತಿದೆ? ಶಾಫ್ಟ್ ಅಲ್ಲಾಡಿಸಿ ನೋಡಿದ್ದಾರಾ? ಕಾರಣ ಸರಿ ಮಾಡಿದ್ದಾರಾ? ಕೇಳಲಿಕ್ಕೆ ನಾಚಿಕೆ ಬೇಡ. ಸಹಿ ಹಾಕುವವರು ನಾವು, ಕಂತು ಕಟ್ಟುವವರೂ ನಾವೇ.