ಲೆಕ್ಕ ಹಾಕಿದ ಭೌತವಿಜ್ಞಾನಿ

ಮಕ್ಕಳು ಭೌತಶಾಸ್ತ್ರ ಓದಿದರೆ ಮುಂದೇನು ಎಂದು ಚಿಂತಿಸುವ ಧರ್ಮಬಂಧುಗಳು ಕೆನಡಾದ ಜೇಮ್ಸ್ ಟಿಲ್ ಅವರ ದಾರಿಯನ್ನು ನೋಡಬೇಕು. 1931ರಲ್ಲಿ ರೈತರ ಮನೆಯಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಟೊರಾಂಟೊದ ಕ್ಯಾನ್ಸರ್ ಸಂಸ್ಥೆಯಲ್ಲಿ ವೈದ್ಯ ಅರ್ನೆಸ್ಟ್ ಮೆಕಲಕ್ ಅವರ ಜೊತೆಗೂಡಿದರು. ವಿಕಿರಣದಿಂದ ರಕ್ತೋತ್ಪತ್ತಿ ನಿಂತ ಇಲಿಗಳಿಗೆ ಅಸ್ಥಿಮಜ್ಜೆಯ ಕೋಶಗಳನ್ನು ಕೊಟ್ಟಾಗ ಗುಲ್ಮದಲ್ಲಿ ಸಣ್ಣ ಗಂಟುಗಳೆದ್ದವು. ಕಂಡವರು ವೈದ್ಯರು, ಲೆಕ್ಕ ಹಾಕಿದವರು ಟಿಲ್. ಕೋಶ ಇಮ್ಮಡಿ ಕೊಟ್ಟರೆ ಗಂಟೂ ಇಮ್ಮಡಿ! ಹಾಗಾದರೆ ಒಂದೊಂದು ಗಂಟಿಗೂ ಒಂದೇ ಕೋಶ ಮೂಲವಿರಬೇಕು. 1961ರಲ್ಲಿ ಪ್ರಕಟಿಸಿದ ಈ ವಿಚಾರ 1963ರಲ್ಲಿ ಖಚಿತವಾಯಿತು. ಅದೇ ರಕ್ತದ ಮೂಲಕೋಶ, ಸ್ಟೆಮ್ ಸೆಲ್.

ಗಂಟು ಎಣಿಸಲು ಇಲಿಗಳನ್ನು ಕೊಲ್ಲಬೇಕಾಯಿತು. ಅಹಿಂಸೆಯನ್ನು ವ್ರತವಾಗಿ ಹಿಡಿದ ನಮಗೆ ಇದು ನುಂಗಲಾರದ ತುತ್ತು. ರಕ್ತಕ್ಯಾನ್ಸರ್ ಆದ ಮಗುವಿಗೆ ಇಂದು ಮಜ್ಜೆ ಕಸಿ ಮಾಡುವಾಗ ವೈದ್ಯರು ನಂಬುವುದೂ ಅದೇ ಕೋಶವನ್ನು.